ಶ್ರೀಮಾನ್ ಲಾಯಿತು ಮತ್ತು ಮುಟ್ಟದ ಮರಿಗಳು

1.

ಎಲ್ಲಿಂದ ಶುರು ಮಾಡುವುದು? ನಾಯಕನ ಹುಟ್ಟಿನಿಂದ ಶುರು ಮಾಡೋಣವೆಂದರೆ, ಈ ನಾಯಕನಿಗೆ ಹುಟ್ಟು ಎಂದರೆ ನಿವೃತ್ತಿ. ಹೆಸರು ಆಲ್ಫಾ-ಫೀಟೋಪ್ರೋಟೀನ್, ಮನೆಮಂದಿ ಕರೆಯುವುದು ಎಎಫ್‌ಪಿ. ಇಲಿಯ ಹೊಟ್ಟೆಯಲ್ಲಿರುವ ಭ್ರೂಣದ ಲಿವರ್‌ನಲ್ಲಿ ತಯಾರಾಗುವ ಪ್ರೋಟೀನು. ಮರಿ ಒಳಗಿರುವ ತನಕ ಅದರ ರಕ್ತದ ತುಂಬ ಇವನದ್ದೇ ಕಾರುಬಾರು. ಮರಿ ಹೊರಗೆ ಬಂದು ಹಾಲಿಗೆ ಬಾಯಿ ಹಾಕಿತೋ, ಅಂಗಡಿಯ ಬಾಗಿಲು ಮೆಲ್ಲಮೆಲ್ಲಗೆ ಕೆಳಗೆ ಬರುತ್ತದೆ. ಹಾಲು ಬಿಡುವ ಹೊತ್ತಿಗೆ ಹುಡುಕಿದರೂ ಸಿಗುವ ಆಸಾಮಿಯಲ್ಲ. ಇವನನ್ನು ತಯಾರಿಸುವ ಜೀನು ಮಾತ್ರ ಎಲ್ಲೂ ಹೋಗದೆ ಅಲ್ಲೇ ಕೂತಿರುತ್ತದೆ, ಬಾಯಿ ಮುಚ್ಚಿಕೊಂಡು.

"ಬಾಯಿ ಗೀಯಿ ಅಂತ ಬರೀಬೇಡಿ," ಎಂದಳು ಅವಳು.

(ಅವಳಿನ್ನೂ ಕಥೆಯೊಳಗೆ ಬಂದಿಲ್ಲ. ಬಾಗಿಲು ತೆಗೆಯುವ ಮೊದಲೇ ಒಳಗಿಂದ ಬೈಗುಳ ಕೇಳಿಸುವ ಮನೆಗಳು ಇರುತ್ತವಲ್ಲ, ಹಾಗೆ.)

"ಯಾಕೆ?" ಎಂದ ಕಥೆಗಾರ.

"ಜೀನಿಗೆ ಬಾಯಿಲ್ಲ ಅದಕ್ಕೆ. ಇನ್ನು ನಾಲ್ಕು ಸಾಲು ಹೋದರೆ ಆ ಬಾಯಿ ನಂದು ಅಂತೀರಿ. ಹೆಣ್ಣಿನ ದನಿ ಅಡಗಿಸಿದರು ಅಂತೀರಿ. ನಿಮ್ಮ ಕಸುಬು ನನಗೆ ಗೊತ್ತಿಲ್ವಾ?"

ಕಥೆಗಾರ ನಾಲ್ಕು ಸಾಲು ಬಿಟ್ಟು ಅದನ್ನೇ ಬರೆಯುವವನಿದ್ದ. ಹೊಡೆದು ಹಾಕಿದ.

1. (ಇನ್ನೊಮ್ಮೆ)

ಸರಿ, ಅವಳಿಂದಲೇ ಶುರು ಮಾಡೋಣ.

ಪಿಎಚ್‌ಡಿಯ ಕೊನೆಯ ಹಂತ. ಇಲಿ ಕಡಿದ ಗುರುತಿರುವ ಬಿಳಿ ಕೋಟು. ಲ್ಯಾಬಿನ ಕಿರಿಯರು ಇಟ್ಟ ಹೆಸರು ಮೂಷಿಕ ಮೇಡಂ. ಎದುರಿಗೆ ಬರೀ ಮೇಡಂ. ಸಿಟ್ಟು ಬಂದರೆ ಕೆಲವರು ಬಾಗಿಲು ಬಡಿಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ಇವಳು ಗಾಜು ತೊಳೆಯುತ್ತಾಳೆ. ಬೀಕರು, ಫ್ಲಾಸ್ಕು, ಯಾರೋ ಯಾವಾಗಲೋ ಸಿಂಕಿನಲ್ಲಿ ಬಿಟ್ಟು ಹೋದ ಟೀ ಲೋಟ, ಎಲ್ಲವನ್ನೂ ಉಜ್ಜಿ ಉಜ್ಜಿ ಸಾಲಾಗಿ ಬೋರಲು ಹಾಕುತ್ತಾಳೆ. ಈ ವಾರ ಆ ಲ್ಯಾಬಿನಲ್ಲಿ ಹುಡುಕಿದರೂ ಒಂದು ಕೊಳೆ ಪಾತ್ರೆಯಿಲ್ಲ. ಕಿರಿಯರು ಉಸಿರು ಬಿಡಲೂ ಹೆದರಿಕೊಂಡು ಓಡಾಡುತ್ತಿದ್ದಾರೆ.

ಸಿಟ್ಟಿಗೆ ಕಾರಣ ಒಂದು ವಾಕ್ಯ. ಆ ವಾಕ್ಯ ಅವಳ ಹೆಸರಿನಡಿ ಹೊರಗೆ ಹೋಗುತ್ತದೋ ಇಲ್ಲವೋ, ಈ ಕಥೆಯಲ್ಲಿ ಇರುವುದು ಅಷ್ಟೆ. ಇದಕ್ಕಿಂತ ದೊಡ್ಡ ರಹಸ್ಯವನ್ನು ಬಯಸುವ ಓದುಗರು ಈಗಲೇ ಎದ್ದು ಹೋಗಬಹುದು. ಕಥೆಗಾರನಿಗೆ ಬೇಸರವಿಲ್ಲ. (ಸ್ವಲ್ಪ ಇದೆ.)

2.

ಅವಳ ಗೈಡ್‌ಗೆ ಎಲ್ಲರೂ ದೊಡ್ಡ ಸರ್ ಅನ್ನುತ್ತಾರೆ. ಚಿಕ್ಕ ಸರ್ ಎಂಬವರು ಯಾರೂ ಇಲ್ಲ. ಅವರ ಜೀವಮಾನದ ಪ್ರಶ್ನೆ: ಹುಟ್ಟಿದ ಮೇಲೆ ಎಎಫ್‌ಪಿಯ ಅಂಗಡಿ ಮುಚ್ಚಿಸುವವರು ಯಾರು? ಸುಮ್ಮನೆ ಹುಟ್ಟಿದ ಪ್ರಶ್ನೆಯಲ್ಲ ಅದು. ಲಿವರ್‌ಗೆ ಕ್ಯಾನ್ಸರ್ ಬಂದಾಗ ಮುಚ್ಚಿದ ಅಂಗಡಿ ಎಷ್ಟೋ ಸಲ ಮತ್ತೆ ತೆರೆಯುತ್ತದೆ. ಮುಚ್ಚುವ ಕೀಲಿ ಸಿಕ್ಕರೆ ರೋಗದ ಬಗ್ಗೆಯೂ ಏನಾದರೂ ತಿಳಿದೀತು ಎಂಬ ಆಸೆ.

ಕೀಲಿ ಸಿಕ್ಕಿದೆ ಎನ್ನುತ್ತಾರೆ ದೊಡ್ಡ ಸರ್. ಲ್ಯಾಬಿನಲ್ಲೇ ಮಾಡಿದ ಔಷಧಿ, ಹೆಸರು ನಲವತ್ತೇಳು. ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಅದನ್ನು ಚುಚ್ಚಿದರೆ ಎಎಫ್‌ಪಿ ಮಾಮೂಲಿಗಿಂತ ಬೇಗ ಇಳಿಯುತ್ತದೆ. ಇಂಗ್ಲಿಷಿನ ಪೇಪರ್ ತಯಾರಾಗಿದೆ, ಮೊದಲ ಹೆಸರು ಅವಳದ್ದು. ಜೊತೆಗೆ ಸಂಸ್ಥೆಯ ಪುಸ್ತಿಕೆಗೆ, ಸಾಮಾನ್ಯ ಜನ ಓದಲಿ ಎಂದು, ಕನ್ನಡದಲ್ಲಿ ಒಂದು ಪುಟ. ಕರಡನ್ನು ದೊಡ್ಡ ಸರ್ ತಾವೇ ಮಾಡಿಕೊಟ್ಟಿದ್ದಾರೆ. ಅವಳು ತಿದ್ದಿ ಹೂಂ ಅಂದರೆ ಮುಗಿಯಿತು.

ಕರಡು ಹೀಗಿದೆ:

"ನವಜಾತ ಮರಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಔಷಧಿಯನ್ನು ನೀಡಲಾಯಿತು. ಎರಡೂ ಗುಂಪುಗಳನ್ನು ಒಂದೇ ರೀತಿಯಲ್ಲಿ ನೋಡಿಕೊಳ್ಳಲಾಯಿತು. ಅಂತ್ಯದಲ್ಲಿ ಮರಿಗಳನ್ನು ತ್ಯಾಗ ಮಾಡಲಾಯಿತು."

ಮೂರನೆಯದು. ಅದೇ ಆ ವಾಕ್ಯ.

"ಯಾರು ನೋಡಿಕೊಂಡಿದ್ದು?" ಎಂದು ಅವಳು ಸ್ಕ್ರೀನನ್ನು ಕೇಳಿದಳು.

3. (ಒಂದು ಅಡ್ಡ ಮಾತು, ಸಿಟ್ಟಿನಲ್ಲಿ ಬರೆದದ್ದು, ತಿದ್ದಿಲ್ಲ)

ಈ ಲಾಯಿತು ಯಾರು ಮಾರಾಯರೇ?

ಜಗತ್ತಿನ ಎಲ್ಲ ಕಚೇರಿಗಳಲ್ಲೂ ಏಕಕಾಲಕ್ಕೆ ದುಡಿಯುವ ನೌಕರ. ರಸ್ತೆ ಅಗೆದವನು ಅವನು, ಮುಚ್ಚದೆ ಹೋದವನೂ ಅವನೇ. ಅರ್ಜಿಯನ್ನು ತಿರಸ್ಕರಿಸಲಾಯಿತು. ಲಾಠಿ ಬೀಸಲಾಯಿತು. ತೀವ್ರ ವಿಷಾದ ವ್ಯಕ್ತಪಡಿಸಲಾಯಿತು. ಅವನಿಗೆ ಕೈಗಳಿವೆ, ಮುಖವಿಲ್ಲ. ಸಂಬಳವಿಲ್ಲ, ರಜೆಯಿಲ್ಲ, ವರ್ಗಾವಣೆಯ ಭಯವಂತೂ ಇಲ್ಲವೇ ಇಲ್ಲ. ಹಿಡಿದು ತನ್ನಿ ಅಂದರೆ "ಎಲ್ಲೆಡೆ ಹುಡುಕಲಾಯಿತು" ಎಂದು ವರದಿ ಬರುತ್ತದೆ, ಹುಡುಕಿದವನೂ ಅವನೇ. ಅವನಿಗೊಬ್ಬ ತಮ್ಮನಿದ್ದಾನೆ, ಲಾಗುವುದು ಎಂದು. ಭವಿಷ್ಯದ ಖಾತೆ ಅವನದ್ದು. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಆ ಮನೆತನವೇ ಹಾಗೆ.

ಇಂಥ ಒಬ್ಬನನ್ನು ಹೆತ್ತ ಭಾಷೆಯಲ್ಲಿ ಕಥೆ ಬರೆಯುತ್ತಿರುವುದಕ್ಕೆ ಕಥೆಗಾರನಿಗೆ ಈಗ ತನ್ನ ಮೇಲೂ ಸಿಟ್ಟು ಬರುತ್ತಿದೆ.

"ಮುಗೀತಾ ಭಾಷಣ?" ಎಂದಳು ಅವಳು. "ಸಿಟ್ಟು ಬಂದಿರೋದು ನನಗೆ. ನಿಮ್ಮದು ಬಾಡಿಗೆ ಸಿಟ್ಟು. ಕೆಲಸ ನೋಡಿ."

4.

ಕೆಲಸ ಹೀಗೆ ನಡೆಯುತ್ತಿತ್ತು.

ಔಷಧಿಯ ಗುಂಪಿನ ಮರಿಗಳನ್ನು ಪ್ರತಿದಿನ ಬೆಳಿಗ್ಗೆ ತಾಯಿಯ ಬಳಿಯಿಂದ ಎತ್ತುವುದು. ಚರ್ಮವಿನ್ನೂ ಗುಲಾಬಿ, ಕಣ್ಣು ತೆರೆದಿಲ್ಲ, ಬೆರಳಿನಷ್ಟು ಉದ್ದ. ಸ್ಟೀಲಿನ ಟ್ರೇಯಲ್ಲಿ ಹಾಕಿ ಪಕ್ಕದ ಎಸಿ ಕೋಣೆಗೆ ಒಯ್ಯುವುದು. ಚುಚ್ಚುವುದು. ಏನಾದರೂ ಏರುಪೇರಾದರೆ ಗೊತ್ತಾಗಲಿ ಎಂದು ಅರ್ಧ ದಿನ ಅಲ್ಲೇ ಇಟ್ಟುಕೊಳ್ಳುವುದು. ಆಮೇಲೆ ಗೂಡಿನ ಹೊಟ್ಟಿನಲ್ಲಿ ಹೊರಳಾಡಿಸಿ ವಾಪಸ್ ಬಿಡುವುದು. ಗ್ಲೌಸಿನ ವಾಸನೆ ಉಳಿದರೆ ತಾಯಿ ಒಮ್ಮೊಮ್ಮೆ ಮರಿಯನ್ನು ತಿಂದುಬಿಡುತ್ತದೆ.

ಇನ್ನೊಂದು ಗುಂಪಿಗೆ, ಎಂದರೆ ಕಂಟ್ರೋಲ್ ಗುಂಪಿಗೆ, ಔಷಧಿಯಿಲ್ಲ. ಔಷಧಿಯೇ ಇಲ್ಲದ ಮೇಲೆ ಸುಮ್ಮನೆ ಎತ್ತಿ ತಾಯಿಯ ಬಾಯಿಗೆ ಯಾಕೆ ಹಾಕಬೇಕು? ಹಿಂದೆ ಒಮ್ಮೆ ತಾಯಿಯೊಂದು ಇಡೀ ಸೂಲನ್ನು, ಎಂದರೆ ಒಂದೇ ಹೆರಿಗೆಯ ಮರಿಗಳನ್ನೆಲ್ಲ, ತಿಂದು ಮುಗಿಸಿದ್ದನ್ನು ಕಂಡು ದೊಡ್ಡ ಸರ್ ಊಟ ಬಿಟ್ಟಿದ್ದರಂತೆ. ಅವತ್ತಿನಿಂದ ಕಂಟ್ರೋಲ್ ಪಂಜರಗಳಿಗೆ ಒಂದು ಬೋರ್ಡು: ಮುಟ್ಟಬೇಡಿ. ಲ್ಯಾಬಿನ ಭಾಷೆಯಲ್ಲಿ ಅವು "ಮುಟ್ಟದ ಮರಿಗಳು". ಕೊನೆಯ ದಿನದವರೆಗೆ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಇರುತ್ತಿದ್ದವು.

ತಪ್ಪು ಅಲ್ಲಿತ್ತು. ಕರುಣೆಯಿಂದ ಆದ ತಪ್ಪು. (ಕಥೆಗಾರನಿಗೆ ಇದು ಬಹಳ ಇಷ್ಟವಾಗಿ, ಕೆಳಗೆ ಗೆರೆ ಎಳೆದ. ಅವಳು ಗೆರೆ ಅಳಿಸಿದಳು.)

5.

ತಪ್ಪು ಸಿಕ್ಕಿದ್ದು ಆಕಸ್ಮಿಕವಾಗಿ. ಹೊಸದಾಗಿ ಸೇರಿದವರಿಗೆ ಸೂಜಿ ಹಿಡಿಯುವುದನ್ನು ಕಲಿಸಲು ಅವಳು ಒಂದು ಸೂಲಿನ ಮರಿಗಳಿಗೆ ಬರೀ ಉಪ್ಪುನೀರು ಚುಚ್ಚಿದ್ದಳು. ಟ್ರೇ, ಎಸಿ ಕೋಣೆ, ಅರ್ಧ ದಿನ, ಎಲ್ಲ ಮಾಮೂಲಿನಂತೆ. ಅಭ್ಯಾಸಕ್ಕೆಂದೇ ತೆಗೆದಿಟ್ಟ ಅವುಗಳ ರಕ್ತವನ್ನು ಎಸೆಯಲು ಮನಸ್ಸಾಗದೆ ಅಳೆದು ನೋಡಿದಳು.

ಉಪ್ಪುನೀರಿಗೂ ಎಎಫ್‌ಪಿ ಅಷ್ಟೇ ಇಳಿದಿತ್ತು.

ಹಸುಳೆ ಇಲಿ ಸುಲಭಕ್ಕೆ ಬೆದರುವ ಪ್ರಾಣಿಯಲ್ಲ. ತಾಯಿಯ ಮೈಬಿಸಿ, ನೆಕ್ಕುವ ನಾಲಿಗೆ, ಹಾಲು ಇಷ್ಟಿದ್ದರೆ ಅದರ ಮೈಯೊಳಗಿನ ಗಾಬರಿಯ ಗಂಟೆ ಬಡಿಯುವುದೇ ಅಪರೂಪ. ತಾಯಿಯಿಂದ ದೂರ, ತಣ್ಣನೆಯ ಸ್ಟೀಲಿನ ಮೇಲೆ, ಗಂಟೆಗಟ್ಟಲೆ ಇಟ್ಟರೆ ಬಡಿಯುತ್ತದೆ. ಆಗ ಕಿಡ್ನಿಯ ನೆತ್ತಿಯ ಮೇಲೆ ಕೂತ ಪುಟ್ಟ ಗ್ರಂಥಿ ಒಂದು ಹಾರ್ಮೋನು ಬಿಡುತ್ತದೆ. ಅದು ರಕ್ತದಲ್ಲಿ ಹೋಗಿ ಲಿವರ್‌ನ ಜೀನುಗಳನ್ನು ತಲುಪುತ್ತದೆ. ಕೆಲವನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಹಾಗೆ ಮಲಗುವವುಗಳಲ್ಲಿ ಎಎಫ್‌ಪಿಯದ್ದೂ ಒಂದು.

ಎಂದರೆ ಅಂಗಡಿ ಮುಚ್ಚಿಸಿದ್ದು ನಲವತ್ತೇಳು ಅಲ್ಲದೆ ಇರಬಹುದು. ಚಳಿ ಇರಬಹುದು. ತಾಯಿ ಹತ್ತಿರ ಇಲ್ಲದಿರುವುದು ಇರಬಹುದು.

ಇಲ್ಲಿ ಕಥೆಗಾರ ಕೈ ಉಜ್ಜಿಕೊಂಡ. ತಾಯಿ! ಅಗಲಿಕೆ! ತಬ್ಬಲಿ ಮರಿಯ ರಕ್ತದಲ್ಲಿ ಬಾಲ್ಯದ ಪ್ರೋಟೀನು ಬತ್ತಿ ಹೋಗುವುದು! ಅದೂ ಸಾಲದೆಂಬಂತೆ ಅವನು ಎಲ್ಲೋ ಓದಿಕೊಂಡಿದ್ದ: ಇದೇ ಎಎಫ್‌ಪಿ ಇಲಿಯ ಗರ್ಭದಲ್ಲಿ ಹೆಣ್ಣು ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗೆ ಹಿಡಿಯದಿದ್ದರೆ ಹೆಣ್ಣುಮರಿಯ ಮಿದುಳು ಗಂಡಿನ ದಾರಿ ಹಿಡಿಯುತ್ತದೆ...

"ಅದನ್ನ ತಂದ್ರೆ ನಾನು ಎದ್ದು ಹೋಗ್ತೀನಿ," ಎಂದಳು.

"ಆದರೆ ಅದು ನಿಜ ತಾನೆ?"

"ನಿಜ. ಈ ಕಥೆಗೆ ಬೇಕಾಗಿಲ್ಲ. ಬೇಕಾಗಿಲ್ಲದ ನಿಜ ತಂದು ಬೇಕಾದ ನಿಜ ಮುಚ್ಚೋದು ನಮ್ಮ ಸರ್ ಕೂಡ ಮಾಡ್ತಾರೆ. ಬೇರೆ ಬುದ್ಧಿ ಕಲೀರಿ."

6.

ದೊಡ್ಡ ಸರ್ ಕೋಣೆ. ಎದುರು ಕುರ್ಚಿಯ ಸ್ಪ್ರಿಂಗು ಹೋಗಿದೆ; ಕೂತವರೆಲ್ಲ ಒಂದು ಮೊಳ ಕೆಳಗಿಳಿದು ಸರ್‌ ಅವರನ್ನು ತಲೆಯೆತ್ತಿ ನೋಡಬೇಕು. ಅವಳು ನಿಂತೇ ಇದ್ದಳು.

"ಸರ್, ಉಪ್ಪುನೀರಿಗೂ ಅಷ್ಟೇ ಇಳಿದಿದೆ."

"ಕೂತ್ಕೋ ಅಮ್ಮ."

"ಬೇಡ ಸರ್."

"ಎಷ್ಟು ಮರಿ ನೋಡಿದೆ?"

"ಒಂದು ಸೂಲು."

"ಒಂದು ಸೂಲು!" ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು ನಕ್ಕರು. ಕೆಟ್ಟ ನಗುವೇನೂ ಅಲ್ಲ. ಮಗು ಕೈಯಲ್ಲಿ ಹುಳ ಹಿಡಿದು ತಂದು ತೋರಿಸಿದರೆ ನಗುತ್ತಾರಲ್ಲ, ಅಂಥದ್ದು. "ಒಂದು ಸೂಲಿಗೆ ಇಷ್ಟು ಗಲಾಟೆನಾ?"

"ಅದಕ್ಕೇ ಸರ್, ಇನ್ನೊಂದು ಸಲ ಸರಿಯಾಗಿ ಮಾಡೋಣ ಅಂತ. ಕಂಟ್ರೋಲ್ ಮರಿಗಳನ್ನೂ ಎತ್ತಿ, ಅದೇ ಟ್ರೇಲಿ, ಅದೇ ಕೋಣೇಲಿ..."

"ಈಗ ಬೇಡ. ಪೇಪರ್ ಹೋಗ್ಲಿ. ಆಮೇಲೆ ಪರಿಶೀಲಿಸಲಾಗುವುದು."

"ಯಾರು ಸರ್?"

"ಏನು ಯಾರು?"

"ಪರಿಶೀಲಿಸೋರು."

ಅವರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. ದನಿ ಇನ್ನಷ್ಟು ಮೆತ್ತಗಾಯಿತು, ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. "ನೀನು ತುಂಬ ದಣಿದಿದೀಯ ಅಮ್ಮ. ಮನೇಲಿ ಏನಾದ್ರೂ ತೊಂದರೆನಾ?"

"ಮನೇಲಿ ಏನೂ ಇಲ್ಲ ಸರ್. ಕಂಟ್ರೋಲ್ ತಪ್ಪಿದೆ."

"ಅದೇ ನಾನೂ ಹೇಳ್ತಿರೋದು. ಕಂಟ್ರೋಲ್ ತಪ್ಪಿದೀಯ."

ಕಥೆಗಾರ ಇಲ್ಲಿ ಜೋರಾಗಿ ನಕ್ಕುಬಿಟ್ಟ. ಯಾವ ಶಬ್ದವನ್ನೂ ಬದಲಿಸದೆ ಇಡೀ ವಾದವನ್ನೇ ತಿರುಗಿಸುವ ಈ ಕಲೆ ಎಲ್ಲ ದೊಡ್ಡ ಸರ್‌ಗಳಿಗೂ ಹುಟ್ಟಿನಿಂದ ಬರುತ್ತದೋ, ಬಡ್ತಿಯ ಜೊತೆ ಬರುತ್ತದೋ. ಅವಳು ನಗಲಿಲ್ಲ. ಅವಳ ಕಿವಿ ಕೆಂಪಾಗಿತ್ತು.

"ಒಂದೇ ರೀತಿ ನೋಡಿಕೊಳ್ಳಲಾಯಿತು ಅಂತ ಬರೆದಿದೀರಲ್ಲ ಸರ್. ನೋಡಿಕೊಂಡಿಲ್ಲ. ಅರ್ಧಕ್ಕೆ ಚಳಿ, ಅರ್ಧಕ್ಕೆ ತಾಯಿ."

"ಒಂದೇ ಆಹಾರ, ಒಂದೇ ನೀರು, ಒಂದೇ ಬೆಳಕು. ಇನ್ನೇನು ಬೇಕು? ಒಂದು ಪದ ಹಿಡ್ಕೊಂಡು ಜಗ್ತಾ ಕೂತ್ರೆ ಹೇಗೆ?" ಅವರು ಮೇಜಿನ ಮೇಲಿದ್ದ ದಪ್ಪ ಫೈಲಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ ತಟ್ಟಿದರು. ಅದು ಅವಳ ಥೀಸಿಸ್, ಅವರ ಸಹಿಗಾಗಿ ಕಾಯುತ್ತಿತ್ತು. "ಕನ್ನಡದ ಪುಟ ನಾಳೆ ಸಂಜೆಯೊಳಗೆ ಕೊಡು. ಪೇಪರಿಗೂ ಒಪ್ಪಿಗೆ ಕಳಿಸು. ಇದೂ ಆಗಿಬಿಡುತ್ತೆ, ಅದೂ ಆಗಿಬಿಡುತ್ತೆ."

ಅವಳು ಹೊರಗೆ ಬಂದು, ತೊಳೆದಿಟ್ಟ ಬೀಕರುಗಳನ್ನೆಲ್ಲ ಇಳಿಸಿ ಮತ್ತೆ ತೊಳೆದಳು.

7.

ಅವಳು ಇರುವುದು ಅಕ್ಕನ ಮನೆಯಲ್ಲಿ. ಅಕ್ಕ ದರ್ಜಿ, ಬೀದಿ ಬದಿಯ ಮುಂಕೋಣೆಯೇ ಅಂಗಡಿ. ಉದ್ದವಾದದ್ದನ್ನು ಗಿಡ್ಡ, ಬಿಗಿಯಾದದ್ದನ್ನು ಸಡಿಲ ಮಾಡಿಕೊಡುವುದು ಕೆಲಸ. ಅವಳು ಬಂದಾಗ ಅಕ್ಕ ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡು ಯಾರದ್ದೋ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದಳು.

"ಏನೇ, ಇಲಿ ಕಚ್ಚಿದ ಮುಖ ಮಾಡ್ಕೊಂಡು ಬಂದಿದೀಯ?"

ಅವಳು ಹೇಳಿದಳು. ಅಕ್ಕ ಪಿನ್ನು ತೆಗೆದು ಗಮನವಿಟ್ಟು ಕೇಳಿದಳು.

"ಒಂದು ವಾಕ್ಯ?"

"ಒಂದು ವಾಕ್ಯ."

"ನಿಮ್ಮ ಭಾವ ಮಲಗೋದ್ರೊಳಗೆ ಹತ್ತು ಸುಳ್ಳು ಹೇಳಿರ್ತಾರೆ. ಅವರಿಂದ ಯಾರಾದ್ರೂ ಏನಾದ್ರೂ ಕಿತ್ಕೊಂಡ್ರಾ? ಹೂಂ ಅನ್ನೆ ಮಹರಾಯ್ತಿ. ಡಾಕ್ಟರ್ ಆಗು. ಆಮೇಲೆ ಎಷ್ಟು ಬೇಕೋ ಅಷ್ಟು ಸತ್ಯ ಹೇಳ್ಕೋ."

"ಆಮೇಲೆ ಯಾರೂ ಹೇಳಲ್ಲ ಅಕ್ಕ. ಸರ್ ಕೂಡ ಆಮೇಲೆ ಅಂತಾನೇ ಶುರು ಮಾಡಿರ್ತಾರೆ."

"ಇಲಿಮರಿಗೆ ಚಳಿಯಾಗಿತ್ತಾ ಅಂತ ಯಾರು ಕೇಳ್ತಾರೆ ಹೇಳು?"

"ಯಾರೂ ಕೇಳಲ್ಲ! ಅದಕ್ಕೇ ನನಗೆ ಮೈ ಉರೀತಿರೋದು!" ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. "ತ್ಯಾಗ ಮಾಡಲಾಯಿತಂತೆ. ಯಾವ ತ್ಯಾಗ? ಅವು ಬಂದು ಕೊರಳು ಕೊಟ್ವಾ? ನಾನು ಕೊಂದಿದೀನಿ ಅಕ್ಕ. ಒಂದೊಂದನ್ನೂ, ಈ ಕೈಲಿ. ಏನೋ ಒಂದು ನಿಜ ಗೊತ್ತಾಗುತ್ತೆ ಅಂತ ಕೊಂದೆ. ಈಗ ಒಂದು ಸುಳ್ಳಿಗೆ ಅಂತ ಕೊಂದ ಹಾಗಾಯ್ತು."

ಅಕ್ಕ ಮಶೀನಿನ ಚಕ್ರದ ಮೇಲೆ ಕೈಯಿಟ್ಟು ಕೂತಳು.

(ಕಥೆಗಾರ ಈ ಮೌನಕ್ಕೆಂದೇ ಒಂದು ಒಳ್ಳೆಯ ಮಾತು ಸಿದ್ಧಮಾಡಿ ಇಟ್ಟುಕೊಂಡಿದ್ದ: ಸೂಜಿ, ದಾರ, ಹೊಲಿಗೆ ಬಿಚ್ಚಿ ಹೊಸದಾಗಿ ಹಾಕುವುದು, ಇತ್ಯಾದಿ. ಓದದ ಅಕ್ಕ ಓದಿದ ತಂಗಿಗೆ ದಾರಿ ತೋರಿಸುವುದು. "ಬೇಡ," ಎಂದಳು ಅವಳು. "ಅಕ್ಕನ ಬಾಯಿಗೆ ತತ್ತ್ವ ತುರುಕಬೇಡಿ. ಅವಳಿಗೆ ಪ್ಯಾಂಟು ಕೊಡೋದಿದೆ.")

ಅಕ್ಕ ನಿಜವಾಗಿ ಹೇಳಿದ್ದು ಇಷ್ಟು: "ಊಟ ಮಾಡು. ಹೊಟ್ಟೆ ಖಾಲಿ ಇಟ್ಕೊಂಡು ಜಗಳ ಆಡಿದ್ರೆ ದನಿ ನಡುಗುತ್ತೆ."

8. ಮುಕ್ತಾಯಗಳು (ಓದುಗರು ಕೈಹಾಕಿ ಆರಿಸಿಕೊಳ್ಳಬಹುದು)

ಅ. ಅವಳು ಒಪ್ಪಿಗೆ ಕಳಿಸುತ್ತಾಳೆ. ಡಾಕ್ಟರಾಗುತ್ತಾಳೆ. ಅವಳಿಗೂ ಒಂದು ಕೋಣೆ, ಎದುರಿಗೆ ಸ್ಪ್ರಿಂಗು ಹೋದ ಕುರ್ಚಿ. ಒಂದು ದಿನ ಯಾರೋ ಬಂದು ನಿಂತುಕೊಂಡೇ "ಮೇಡಂ, ಉಪ್ಪುನೀರಿಗೂ ಇಳಿದಿದೆ" ಎನ್ನುತ್ತಾರೆ. ಅವಳು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾಳೆ.

"ಥೂ," ಎಂದಳು. "ನನಗೆ ಕನ್ನಡಕ ಇಲ್ಲ."

ಆ. ಅವಳು ತೊಳೆದಿಟ್ಟ ಗಾಜನ್ನೆಲ್ಲ ಒಂದೊಂದಾಗಿ ಎತ್ತಿ ನೆಲಕ್ಕೆ ಅಪ್ಪಳಿಸುತ್ತಾಳೆ. ಪಂಜರಗಳ ಬಾಗಿಲು ತೆರೆಯುತ್ತಾಳೆ. ಕಾರಿಡಾರಿನ ತುಂಬ ಇಲಿಗಳು, ಬಿಡುಗಡೆ, ಓಟ.

"ಆ ಗಾಜು ತೊಳೆದೋಳು ನಾನು. ಗುಡಿಸೋರೂ ಇರ್ತಾರೆ, ಅವರ ಕೈಗೆ ಚುಚ್ಚುತ್ತೆ. ಇಲಿಗಳು ಕಾರಿಡಾರಲ್ಲಿ ಎಷ್ಟು ಹೊತ್ತು ಬದುಕ್ತವೆ? ನಿಮಗೆ ಸಿಟ್ಟು ಅಂದ್ರೆ ಸದ್ದು ಅಷ್ಟೇನಾ?"

ಇ. ದೊಡ್ಡ ಸರ್‌ಗೆ ರಾತ್ರೋರಾತ್ರಿ ಜ್ಞಾನೋದಯವಾಗಿ...

ಅವಳು ನೋಡಿದಳು ಅಷ್ಟೆ. ಕಥೆಗಾರ ತಾನಾಗಿಯೇ ಹೊಡೆದು ಹಾಕಿದ.

"ಮತ್ತೆ ನೀನೇ ಹೇಳಮ್ಮ," ಎಂದ ಅವನು ಕೊನೆಗೆ, ಸೋತು.

"ಅಮ್ಮ ಗಿಮ್ಮ ಅನ್ನಬೇಡಿ. ಸರಿಯಿರಿ ಸ್ವಲ್ಪ, ಕೀಬೋರ್ಡು ಬಿಡಿ."

9.

ಮರುದಿನ ಸಂಜೆ. ಅವಳು ಹೊಟ್ಟೆ ತುಂಬ ಊಟ ಮಾಡಿ ಬಂದಿದ್ದಾಳೆ. ಸಿಂಕಿನಲ್ಲಿ ಟೀ ಲೋಟವೊಂದು ಕೊಳೆಯಾಗಿ ಬಿದ್ದಿದೆ. ಅತ್ತ ತಿರುಗಿಯೂ ನೋಡಿಲ್ಲ.

ಕರಡಿನ ನಾಲ್ಕೂ ವಾಕ್ಯಗಳನ್ನು ಅಳಿಸಿ ಬರೆದಳು:

"ಔಷಧಿಯ ಮರಿಗಳನ್ನು ನಾನು ತಾಯಿಯಿಂದ ಎತ್ತಿ, ಪ್ರತಿದಿನ ಅರ್ಧ ದಿನ ತಣ್ಣನೆಯ ಕೋಣೆಯಲ್ಲಿ ಇಟ್ಟೆ. ಉಳಿದ ಮರಿಗಳನ್ನು ನಾನು ಮುಟ್ಟಲಿಲ್ಲ. ಮುಟ್ಟಬೇಡಿ ಎಂದು ನಿಯಮ ಮಾಡಿದವರು ನನ್ನ ಗೈಡ್. ಕೊನೆಗೆ ಎಲ್ಲವನ್ನೂ ನಾನು ಕೊಂದೆ. ಎಎಫ್‌ಪಿ ಬೇಗ ಇಳಿದದ್ದು ಔಷಧಿಯಿಂದಲೋ ಚಳಿಯಿಂದಲೋ ನಮಗೆ ಗೊತ್ತಿಲ್ಲ."

ಓದುಗರು ಗಮನಿಸಬೇಕು: ಪ್ರತಿ ಕೆಲಸಕ್ಕೂ ಒಬ್ಬೊಬ್ಬ ಮನುಷ್ಯ. ಶ್ರೀಮಾನ್ ಲಾಯಿತು ಕೋಟು ಕೈಮೇಲೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಾನೆ, ಮೊದಲ ಸಲ ಕೆಲಸವಿಲ್ಲದೆ.

ಅದೇ ಬಾಗಿಲಲ್ಲಿ ದೊಡ್ಡ ಸರ್ ತಲೆ ಹಾಕಿದರು.

"ಆಯಿತಾ ಅಮ್ಮ?"

ಎಷ್ಟು ಸಣ್ಣ ಪ್ರಶ್ನೆ. ಆಯಿತು ಅಂದರೆ ಸಾಕು. ಆ ಇಡೀ ಮನೆತನ ಹುಟ್ಟಿಬಂದ ಬೇರು ಅದೇ ಶಬ್ದ.

"ಆಗಿಲ್ಲ ಸರ್," ಎಂದಳು. ದನಿ ನಡುಗಲಿಲ್ಲ. "ಪೇಪರಿಗೂ ಒಪ್ಪಿಗೆ ಕಳಿಸಿಲ್ಲ. ಬೆಳಿಗ್ಗೆ ಎರಡು ಹೊಸ ಸೂಲು ಬಂದಿವೆ. ನಾಳೆಯಿಂದ ಇನ್ನೊಂದು ಸಲ ಮಾಡ್ತೀನಿ. ಈ ಸಲ ಎಲ್ಲ ಮರಿಗಳನ್ನೂ ಎತ್ತುತ್ತೀನಿ. ಬೋರ್ಡು ತೆಗೆದಿದೀನಿ."

"ಯಾರು ತೆಗೆಯೋಕೆ ಹೇಳಿದ್ದು?"

"ನಾನು ತೆಗೆದೆ."

ದೊಡ್ಡ ಸರ್ ಒಳಗೆ ಬಂದರು. ಅವಳ ಹೆಗಲ ಹಿಂದೆ ನಿಂತು ಸ್ಕ್ರೀನಿನತ್ತ ಬಾಗಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮೊದಲಿನಿಂದ ಓದತೊಡಗಿದರು. "ಮುಟ್ಟಬೇಡಿ ಎಂದು ನಿಯಮ ಮಾಡಿದವರು" ಎಂಬಲ್ಲಿ ನಿಂತರು. ಅಲ್ಲೇ ನಿಂತಿದ್ದಾರೆ.

ಅವರು ಮುಂದಿನ ವಾಕ್ಯಕ್ಕೆ ಹೋಗುತ್ತಾರಾ? ಮೇಜಿನ ಮೇಲಿನ ಫೈಲಿಗೆ ಸಹಿ ಬೀಳುತ್ತದಾ? ಪೇಪರಿನಿಂದ ಅವಳ ಹೆಸರು ಹೋಗಿ ಇನ್ನೊಬ್ಬರ ಹೆಸರು ಬರುತ್ತದಾ? ಎರಡು ಹೊಸ ಸೂಲುಗಳಲ್ಲಿ ಚಳಿ ಗೆಲ್ಲುತ್ತದಾ, ಅಥವಾ ಪಾಪ, ನಲವತ್ತೇಳರಲ್ಲೂ ನಿಜವಾಗಿ ಏನಾದರೂ ಇತ್ತಾ? ಕಥೆಗಾರನಿಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೆಯಲಿಕ್ಕೇ ಅವಳು ಇಷ್ಟೆಲ್ಲ ಜಗಳ ಕಾದದ್ದು.

ಪಕ್ಕದ ಕೋಣೆಯಲ್ಲಿ ಒಂದು ತಾಯಿ ಇಲಿ ಮರಿಗಳನ್ನು ನೆಕ್ಕುತ್ತಿದೆ. ಅವುಗಳ ರಕ್ತದ ತುಂಬ ಎಎಫ್‌ಪಿ. ಅಂಗಡಿ ಇನ್ನೂ ಭರ್ತಿಯಾಗಿ ತೆರೆದಿದೆ. ನಾಳೆ ಬೆಳಿಗ್ಗೆ ಒಂದು ಕೈ ಬರುತ್ತದೆ. ಆ ಕೈಗೆ ಹೆಸರಿದೆ, ಅಷ್ಟರಿಂದ ಮರಿಗಳ ಚಳಿಯೇನೂ ಕಡಿಮೆಯಾಗುವುದಿಲ್ಲ.

ಕಥೆಗಾರ ಬೆರಳು ಮುರಿದುಕೊಂಡು, ಹಳೆಯ ಚಾಳಿಯಂತೆ ಕೊನೆಯ ಸಾಲು ಟೈಪ್ ಮಾಡತೊಡಗಿದ: ಇಲ್ಲಿಗೆ ಈ ಕಥೆಯನ್ನು ಮುಗಿಸಲಾ

"ಯಾರು?" ಎಂದಳು ಅವಳು, ಸ್ಕ್ರೀನಿನಿಂದ ಕಣ್ಣೆತ್ತದೆ.